ತಡಕೊಳ್ಳುವುದು ಬೇರೆ, ನೋಡುವುದು ಬೇರೆ

ವಿಜಯಪುರ ಜಿಲ್ಲೆಯ ಬಬಲೇಶ್ವರದ ಸುತ್ತಮುತ್ತ ನೋವನ್ನು ವರ್ಣಿಸುವ ರೂಢಿ ಇಲ್ಲ. ‘ನಡ ಹಿಡದೈತಿ’, ‘ಮೊಣಕಾಲ ಬ್ಯಾನಿ’, ‘ತಲಿ ಸಿಡೀತೈತಿ’ ಅಂದರೆ ಮಾತು ಮುಗಿಯಿತು. ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಹರಿಯುತ್ತದೆ, ಕೂತಾಗ ಹೆಚ್ಚೋ ನಡೆದಾಗ ಹೆಚ್ಚೋ ಎಂದು ವೈದ್ಯರು ಕೇಳಿದರೆ ಎದುರಿಗೆ ಕೂತ ಮುದುಕಿ ಮಗನ ಮುಖ ನೋಡುತ್ತಾಳೆ. ಮಗ ಹೇಳುತ್ತಾನೆ: ‘ಒಟ್ಟ ಬ್ಯಾನಿ ಆಗತೈತ್ರಿ ಸಾಹೇಬ್ರ, ಒಂದ ಸೂಜಿ ಮಾಡ್ರಿ.’ ಹಿಂಗಾರಿ ಜೋಳ ಕೀಳುವ ದಿನಗಳಲ್ಲಿ ಈ ‘ಒಟ್ಟ ಬ್ಯಾನಿ’ ಮನೆಮನೆಯಲ್ಲೂ ಇರುತ್ತದೆ. ನಮ್ಮ ಕಡೆ ಜೋಳವನ್ನು ಬೇರುಸಹಿತ ಕೀಳುತ್ತಾರೆ. ಒಣಗಿ ಬಿರಿದ ಎರೆಮಣ್ಣು ದಂಟನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ; ಆ ಜಗ್ಗಾಟವೆಲ್ಲ ಸೊಂಟದ ಮೇಲೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಚಾಟ್ನಿಯಿಂದ ಹಿಡಿದು ಗೊನೆ ತಿದ್ದುವವರೆಗೆ ಚಪ್ಪರದ ಕೆಳಗೆ ಕೈ ಮೇಲೆತ್ತಿಯೇ ದುಡಿಯಬೇಕು. ಅಲ್ಲಿ ಹಿಡಿಯುವುದು ಕತ್ತು, ಭುಜ. ಸಂಜೆಗೊಂದು ಗುಳಿಗಿ, ವಾರಕ್ಕೊಂದು ಸೂಜಿ. ಉಳಿದದ್ದಕ್ಕೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ತಡ್ಕೋ.’

ಧ್ಯಾನದಿಂದ ನೋವು ತಾಳಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಮ್ಮ ಜನಕ್ಕೆ ಅದು ಈ ‘ತಡ್ಕೋ’ ಎಂಬುದರ ಓದಿದವರ ರೂಪದಂತೆ ಕೇಳಿಸುವುದು ಸಹಜ. ಕಣ್ಣು ಮುಚ್ಚು, ಉಸಿರು ಎಳೆ, ಹಲ್ಲು ಕಚ್ಚು, ಹೊತ್ತು ಕಳೆ. ನನಗೂ ಹಾಗೇ ಕೇಳಿಸುತ್ತಿತ್ತು. ಕೆಲವು ವರ್ಷಗಳ ಹಿಂದೆ ಬೆನ್ನಿನ ಡಿಸ್ಕ್ ಜಾರಿ, ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ನರ ಎಳೆಯಲು ಶುರುವಾದ ಮೇಲೆ ಈ ವಿಷಯವನ್ನು ಪುಸ್ತಕದ ಹೊರಗೆ ಯೋಚಿಸಬೇಕಾಯಿತು. ತಡಕೊಳ್ಳುವುದಕ್ಕೂ ನೋಡುವುದಕ್ಕೂ ಸಂಬಂಧವೇ ಇಲ್ಲ ಎಂಬುದು ಆಗ ಸಿಕ್ಕ ತಿಳಿವಳಿಕೆ. ತಡಕೊಳ್ಳುವವರು ನೋವಿನಿಂದ ಮುಖ ತಿರುಗಿಸಿರುತ್ತಾರೆ. ಸೂಜಿ ಮಾಡಿಸಿಕೊಂಡು ಮರೆಯುವವರೂ ಮುಖ ತಿರುಗಿಸಿಯೇ ಇರುತ್ತಾರೆ. ಮೊಬೈಲಿನಲ್ಲಿ ಮುಳುಗಿ ಮರೆಯುವವರೂ ಅಷ್ಟೇ. ಧ್ಯಾನ ಒಂದೇ ಅದರ ಕಡೆ ತಿರುಗಿ ಕೂರು ಎನ್ನುತ್ತದೆ.

ತಿರುಗಿ ಕೂತರೆ ಕಾಣುವುದೇನು? ರಾತ್ರಿ ಮೂರರ ಹೊತ್ತಿಗೆ ನಿದ್ದೆ ಹಾರಿದಾಗ ನನಗೆ ಕಂಡದ್ದನ್ನು ಹೇಳುತ್ತೇನೆ. ಕೂರಲು ಆಗುತ್ತಿರಲಿಲ್ಲ, ಮಗ್ಗುಲಾಗಿ ಮಲಗಿ ಮೊಣಕಾಲ ನಡುವೆ ದಿಂಬು ಇಟ್ಟುಕೊಂಡೇ ಉಸಿರಿಗೆ ಲಕ್ಷ್ಯ ಕೊಡುತ್ತಿದ್ದೆ. ಉಸಿರು ಒಂದಿಷ್ಟು ತಾಳಕ್ಕೆ ಬಂದ ಮೇಲೆ ಲಕ್ಷ್ಯವನ್ನು ಮೀನಖಂಡಕ್ಕೆ ಇಳಿಸುವುದು. ದೂರದಿಂದ ಒಂದೇ ಗಟ್ಟಿ ಗಡ್ಡೆಯಂತಿದ್ದ ನೋವು ಹತ್ತಿರ ಹೋದಾಗ ಬಿಡಿಬಿಡಿಯಾಯಿತು. ಮೀನಖಂಡದ ಹೊರಮಗ್ಗುಲಿಗೆ ಉರಿ. ಅದರ ಕೆಳಗೆ ಎಳೆತ. ಹಿಮ್ಮಡಿಯ ಹತ್ತಿರ ಉರಿಯೂ ಇಲ್ಲ, ಎಳೆತವೂ ಇಲ್ಲ, ಬರೀ ಜೋಮು. ಉರಿ ಒಂದೇ ಸಮನೆ ಇರಲಿಲ್ಲ; ಏರಿ, ನಿಂತು, ಇಳಿದು, ನಡುವೆ ಒಂದೆರಡು ಉಸಿರಿನಷ್ಟು ಹೊತ್ತು ಏನೂ ಇಲ್ಲದೆ, ಮತ್ತೆ ಏರುತ್ತಿತ್ತು. ‘ರಾತ್ರಿಯೆಲ್ಲ ನೋವು’ ಎಂದು ನಾವು ಹೇಳುವ ರಾತ್ರಿಯಲ್ಲಿ ನೋವಿಲ್ಲದ ಕ್ಷಣಗಳೂ ಇರುತ್ತವೆ. ಅವು ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಮನಸ್ಸು ಮುಂದಿನ ನೋವಿನ ದಾರಿ ಕಾಯುತ್ತಿರುತ್ತದೆ.

ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಕಾಲಿನಲ್ಲಿ ಒಂದು ಸೆಳಕು ಹೊಡೆದರೆ ಅದು ಕಾಲಿನಲ್ಲೇ ಮುಗಿಯುತ್ತಿರಲಿಲ್ಲ. ನಾಳೆ ಬಸ್ಸಿನಲ್ಲಿ ಕೂರುವುದು ಹೇಗೆ? ಪಾಠ ಮಾಡುವ ಶಾಲೆಗೆ ಮತ್ತೆ ರಜೆ ಬರೆದರೆ ಏನಂದಾರು? ಆಪರೇಷನ್ ಅಂದರೆ ಎಷ್ಟು ಖರ್ಚು? ಆಪರೇಷನ್ ಮಾಡಿಸಿಕೊಂಡ ಸೋದರಮಾವ ಈಗಲೂ ಕೋಲು ಹಿಡಿದೇ ನಡೆಯುತ್ತಾನಲ್ಲ? ಗೋಳಗುಮ್ಮಟಕ್ಕೆ ಹೋದವರಿಗೆಲ್ಲ ಗೊತ್ತು: ಒಳಗಿನ ಗ್ಯಾಲರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಏಳಕ್ಕಿಂತ ಹೆಚ್ಚು ಸಲ ಮರಳಿ ಕೇಳಿಸುತ್ತದೆ. ಶಾಲೆಯ ಮಕ್ಕಳ ಒಂದು ತಂಡ ಒಳಹೊಕ್ಕರೆ ಯಾರು ಕೂಗಿದ್ದು, ಯಾವುದು ಮರುದನಿ ಎಂದು ಬೇರ್ಪಡಿಸಲಾಗದಷ್ಟು ಗದ್ದಲ. ನೋವಿನಲ್ಲಿರುವ ತಲೆಯೂ ಅಂಥದೊಂದು ಗುಮ್ಮಟ. ದೇಹ ತಟ್ಟಿದ್ದು ಒಂದು ಚಪ್ಪಾಳೆ, ಉಳಿದದ್ದು ನಮ್ಮದೇ ಗೋಡೆಗಳಿಂದ ವಾಪಸು ಬಂದದ್ದು. ಧ್ಯಾನಕ್ಕೆ ಆ ಮೊದಲ ಚಪ್ಪಾಳೆಯನ್ನು ತಡೆಯುವ ಶಕ್ತಿ ಇಲ್ಲ. ಯಾವುದು ಚಪ್ಪಾಳೆ, ಯಾವುದು ಮರುದನಿ ಎಂದು ಗುರುತಿಸುವ ಕಿವಿಯನ್ನು ಅದು ಕೊಡುತ್ತದೆ. ಗುರುತು ಸಿಕ್ಕ ಮೇಲೆ ಮರುದನಿಗೆ ಮತ್ತೆ ಕೂಗಿ ಉತ್ತರ ಕೊಡುವುದು ಕಡಿಮೆಯಾಗುತ್ತದೆ.

ಇದು ಬರೀ ಭಾವನೆಯ ಮಾತಲ್ಲ ಎನ್ನಲು ವಿಜ್ಞಾನದಲ್ಲಿ ಆಧಾರವಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ಸಂಶೋಧಕರು, ನೋವಿನ ಸುದ್ದಿ ಗಾಯದಿಂದ ಮಿದುಳಿಗೆ ನೇರ ತಂತಿಯಲ್ಲಿ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ಅದನ್ನು ಎಷ್ಟು ತೆರೆಯಬೇಕು ಎಂಬುದರಲ್ಲಿ ಮಿದುಳಿನಿಂದ ಇಳಿದು ಬರುವ ಸೂಚನೆಗಳ ಪಾತ್ರವೂ ಇದೆ ಎಂದು ವಾದಿಸಿದರು. ವಿವರಗಳು ಆಮೇಲೆ ಎಷ್ಟೋ ತಿದ್ದುಪಡಿಯಾದರೂ ಮೂಲ ಮಾತು ಉಳಿದುಕೊಂಡಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯ ಮತ್ತು ಭಾವನೆ ಎರಡೂ ಕೂಡಿದ ಅನುಭವ ಎಂದೇ ಕರೆಯುತ್ತದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್, ಔಷಧದಿಂದ ಪೂರ್ತಿ ಪರಿಹಾರ ಸಿಗದ ದೀರ್ಘಕಾಲದ ರೋಗಿಗಳನ್ನು ಕೂರಿಸಿಕೊಂಡು ಕೆಲವು ವಾರಗಳ ಧ್ಯಾನದ ತರಬೇತಿ ಶುರುಮಾಡಿದರು. ಇಂದು ಆಸ್ಪತ್ರೆಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಹೆಸರಿನಲ್ಲಿ ನಡೆಯುವುದರ ಬಹುಪಾಲು ಅಲ್ಲಿಂದ ಹಬ್ಬಿದ್ದು.

2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಹಿಡಿಸಿತು. ಫಾದೆಲ್ ಜೈದಾನ್ ಮತ್ತು ಸಂಗಡಿಗರು, ಹಿಂದೆಂದೂ ಧ್ಯಾನ ಮಾಡದ 15 ಜನರ ಕಾಲಿಗೆ ಸುಮಾರು 49 ಡಿಗ್ರಿ ಶಾಖ ತಾಗಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ತಲಾ 20 ನಿಮಿಷದ ನಾಲ್ಕೇ ಪಾಠ ಕೊಟ್ಟು, ಧ್ಯಾನ ಮಾಡಿಸುತ್ತ ಮತ್ತೆ ಅದೇ ಶಾಖ ಕೊಟ್ಟರು. ನೋವಿನ ತೀವ್ರತೆ ಸರಾಸರಿ ಶೇ 40ರಷ್ಟು ಕಡಿಮೆಯಾದಂತೆ ಅವರು ಹೇಳಿದರು. ನೋವಿನ ಅಹಿತ, ಅಂದರೆ ‘ಸಾಕಪ್ಪಾ’ ಅನ್ನಿಸುವ ಭಾಗ, ಶೇ 57ರಷ್ಟು ಇಳಿದಿತ್ತು. ಉರಿಗಿಂತ ಸಂಕಟ ಹೆಚ್ಚು ಇಳಿದಿದೆ ಎಂಬುದನ್ನು ಗಮನಿಸಿ. ಚಪ್ಪಾಳೆಗಿಂತ ಮರುದನಿ ಹೆಚ್ಚು ತಗ್ಗಿದೆ. ಆದರೆ ಇದು ಪ್ರಯೋಗಾಲಯದ ಕೆಲವು ನಿಮಿಷಗಳ ಮಾತು. ಹತ್ತು ವರ್ಷದ ಸೊಂಟನೋವು ಬೇರೆ. ಅದಕ್ಕೆ 2016ರ ಒಂದು ದೊಡ್ಡ ಅಧ್ಯಯನ ನೋಡಬೇಕು. ದೀರ್ಘಕಾಲದ ಸೊಂಟನೋವಿನ 342 ರೋಗಿಗಳಲ್ಲಿ, ಆರು ತಿಂಗಳ ನಂತರ, ಎಂದಿನ ಚಿಕಿತ್ಸೆಯಲ್ಲೇ ಇದ್ದವರ ಪೈಕಿ ಸುಮಾರು ಶೇ 44 ಜನ ದಿನನಿತ್ಯದ ಓಡಾಟದಲ್ಲಿ ಗಣನೀಯ ಸುಧಾರಣೆ ಕಂಡಿದ್ದರು. ಧ್ಯಾನದ ತರಬೇತಿ ಪಡೆದವರಲ್ಲಿ ಸುಮಾರು ಶೇ 60. ವ್ಯತ್ಯಾಸ ನಿಜ, ಪವಾಡ ಅಲ್ಲ. ಆಪ್ತಸಲಹೆಯ ರೀತಿಯ ಮನೋಚಿಕಿತ್ಸೆ ಪಡೆದ ಮೂರನೆಯ ಗುಂಪೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತ್ತು. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಒಂದು ವಿಮರ್ಶೆ, ಆತಂಕ, ಖಿನ್ನತೆ ಮತ್ತು ನೋವಿಗೆ ಧ್ಯಾನದಿಂದ ಸಾಧಾರಣ ಮಟ್ಟದ ಪ್ರಯೋಜನವಿದೆ, ಆದರೆ ವ್ಯಾಯಾಮ, ಔಷಧಗಳಂಥ ಬೇರೆ ಚಿಕಿತ್ಸೆಗಳಿಗಿಂತ ಮೇಲು ಎನ್ನಲು ಆಧಾರವಿಲ್ಲ ಎಂದಿತು. ಧ್ಯಾನದ ಜಾಹೀರಾತು ಬರೆಯುವವರು ಈ ವಾಕ್ಯದ ಮೊದಲರ್ಧ ಮಾತ್ರ ಓದುತ್ತಾರೆ.

ನಮ್ಮ ಹಳೆಯ ಶಾಸ್ತ್ರವೂ ಇಷ್ಟೇ ಎಚ್ಚರದಿಂದ ಮಾತಾಡುತ್ತದೆ. ಪತಂಜಲಿ ತನ್ನ ಯೋಗಸೂತ್ರದಲ್ಲಿ ಚಿತ್ತವನ್ನು ಚದುರಿಸುವ ಒಂಬತ್ತು ಅಡ್ಡಿಗಳನ್ನು ಪಟ್ಟಿ ಮಾಡುತ್ತಾನೆ. ಸಂಶಯ, ಆಲಸ್ಯ, ಭ್ರಾಂತಿ ಎಲ್ಲ ಆ ಪಟ್ಟಿಯಲ್ಲಿವೆ. ಮೊಟ್ಟಮೊದಲು ನಿಲ್ಲುವುದು ಮಾತ್ರ ವ್ಯಾಧಿ. ಅದರ ಬೆನ್ನಿಗೇ, ಚಿತ್ತ ಚದುರಿದಾಗ ಜೊತೆಗೆ ಬರುವವು ಯಾವುವು ಎಂದೂ ಹೇಳುತ್ತಾನೆ: ದುಃಖ, ಮನಸ್ಸು ಕುಗ್ಗುವುದು, ಅಂಗಾಂಗ ನಡುಗುವುದು, ಉಸಿರು ಕೆಡುವುದು. ಆಸ್ಪತ್ರೆಯ ವಾರ್ಡಿನಲ್ಲಿ ಕೂತು ಬರೆದಂತಿದೆ ಈ ಪಟ್ಟಿ. ಯೋಗಿಗೆ ರೋಗ ಬರುವುದೇ ಇಲ್ಲ ಎಂದು ಅವನು ಅಲ್ಲಿ ಹೇಳುವುದಿಲ್ಲ. ರೋಗ ಬಂದರೆ ಲಕ್ಷ್ಯ ಒಡೆಯುತ್ತದೆ, ಲಕ್ಷ್ಯ ಒಡೆದರೆ ಉಸಿರೂ ಕೆಡುತ್ತದೆ, ಆಗ ಯಾವುದಾದರೂ ಒಂದನ್ನು ಹಿಡಿದು ಅಭ್ಯಾಸ ಮಾಡು ಎನ್ನುತ್ತಾನೆ. ಏಕಾಗ್ರತೆ ಮತ್ತು ನೋವು ಎರಡು ಬೇರೆ ಬೇರೆ ಅಧ್ಯಾಯಗಳೆಂದು ನಾವು ತಿಳಿದಿದ್ದೇವೆ. ಅಲ್ಲಿ ಅವು ಒಂದೇ ಗಂಟು.

ಒಂದೇ ಗಂಟು ಎಂಬುದು ನನಗೆ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಖಚಿತವಾಯಿತು. ಕಾಲು ಎಳೆಯುವಾಗ ಮಗು ಬರೆದ ಒಂದೇ ಉತ್ತರವನ್ನು ಮತ್ತೆ ಮತ್ತೆ ಓದಿದರೂ ಏನು ಬರೆದಿದೆ ಎಂಬುದು ತಲೆಗೆ ಇಳಿಯುವುದಿಲ್ಲ. ನೋವಿಲ್ಲದವರಿಗೂ ಇದೇ ಸ್ಥಿತಿ ಇದೆ, ಕಾರಣ ಮಾತ್ರ ಬೇರೆ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಮನೋವಿಜ್ಞಾನಿಗಳು 2250 ಜನರನ್ನು ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ಪ್ರಶ್ನಿಸಿದಾಗ, ಎಚ್ಚರವಿರುವ ಹೊತ್ತಿನ ಸುಮಾರು ಶೇ 47ರಷ್ಟು ಕಾಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರುವುದಿಲ್ಲ ಎಂದು ಗೊತ್ತಾಯಿತು. ನೋವೂ ಮೊಬೈಲೂ ಕದಿಯುವುದು ಒಂದೇ ವಸ್ತುವನ್ನು. ಮೊಬೈಲು ಸಿಹಿ ತೋರಿಸಿ ಕರೆಯುತ್ತದೆ, ನೋವು ಚೀರಿ ಕರೆಯುತ್ತದೆ. ಚೀರಾಟದ ನಡುವೆ ಒಂದು ಉಸಿರಿಗೆ ಮರಳುವುದನ್ನು ಕಲಿತವರಿಗೆ ಪುಟಕ್ಕೆ ಮರಳುವುದು ಅಷ್ಟು ಕಷ್ಟವಲ್ಲ. ಬೇನೆ ಬಂದ ವರ್ಷ ನನ್ನ ಓದು ಕಡಿಮೆಯಾಯಿತು, ಓದಿದ್ದು ಮಾತ್ರ ಹೆಚ್ಚು ನೆನಪಿನಲ್ಲಿ ಉಳಿಯಿತು. ಇದಕ್ಕೆ ನೋವಿಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಈ ವಿದ್ಯೆಗೆ ಹೊರಗಿನಿಂದ ಗುರು ಬರಬೇಕೆಂದಿಲ್ಲ, ನಮ್ಮ ನೆಲದಲ್ಲೇ ಅದರ ಶಾಲೆಗಳಿವೆ. ನನ್ನ ಅವ್ವನಿಗೆ ಸಂಧಿವಾತ. ಬೆರಳ ಗೆಣ್ಣುಗಳು ಉಬ್ಬಿ ಸೊಟ್ಟಗಾಗಿವೆ. ಬೆಳಗಿನ ಹೊತ್ತು ಅವು ಬಿಗಿದುಕೊಂಡಿರುತ್ತವೆ. ಸೆರಗಿನ ಗಂಟು ಬಿಚ್ಚುವುದೂ ಪ್ರಯಾಸ. ಆ ಹೊತ್ತಿನಲ್ಲೇ ಅವಳ ಇಷ್ಟಲಿಂಗ ಪೂಜೆ. ಎಡಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಬಟ್ಟಲಿನ ಆಕಾರಕ್ಕೆ ತರುತ್ತಾಳೆ. ನಂತರ ವಿಭೂತಿ, ಒಂದು ಹನಿ ನೀರು, ಒಂದು ಪತ್ರಿ. ಎದೆಯ ಮಟ್ಟಕ್ಕೆ ಕೈ ಎತ್ತಿ ಹಿಡಿದು, ಲಿಂಗದ ಕಪ್ಪು ಕಂತಿಯ ಮೇಲೆ ಮೂಡುವ ದೀಪದ ಬೆಳಕಿನ ಸಣ್ಣ ಚುಕ್ಕೆಯನ್ನು ನೋಡುತ್ತ ಕೂರುತ್ತಾಳೆ. ಕೈ ಮೊದಲಿಗೆ ನಡುಗುತ್ತದೆ, ಚುಕ್ಕೆಯೂ ಅಲುಗುತ್ತದೆ. ಸ್ವಲ್ಪ ಹೊತ್ತಿಗೆ ಎರಡೂ ನಿಲ್ಲುತ್ತವೆ. ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ‘ನೋಯ್ತೈತಿ, ಯಾಕ ನೋಯೂದಿಲ್ಲ? ನೋವು ಅದರ ಕೆಲಸ ಮಾಡ್ತೈತಿ, ನಾ ನನ್ನ ಕೆಲಸ ಮಾಡ್ತೀನಿ’ ಎಂದಳು. ಪೂಜೆ ಮುಗಿದ ಮೇಲೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗುತ್ತಾಳೆ. ಈ ಎರಡರ ನಡುವೆ ಅವಳಿಗೆ ಯಾವ ವಿರೋಧವೂ ಕಂಡಿಲ್ಲ.

ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಶರಣರ ಪರಂಪರೆ ದೇವರನ್ನು ಗುಡಿಯಿಂದ ಅಂಗೈಗೆ ತಂದಿತು ಎಂಬುದನ್ನು ನಾವು ಸಮಾನತೆಯ ದೃಷ್ಟಿಯಿಂದ ಎಷ್ಟೋ ಸಲ ಹೇಳಿದ್ದೇವೆ. ಅದೇ ಹೆಜ್ಜೆ ಏಕಾಗ್ರತೆಯ ಪಾಠವನ್ನೂ ಅಡುಗೆಮನೆಯ ಪಕ್ಕಕ್ಕೆ ತಂದಿತು ಎಂಬುದನ್ನು ಅಷ್ಟಾಗಿ ಹೇಳಿಲ್ಲ. ಕೈಯಲ್ಲಿ ಹಿಡಿದ ವಸ್ತು, ಕಣ್ಣೆದುರಿನ ಒಂದು ಬಿಂದು, ನಿಂತ ಉಸಿರು: ಇದಕ್ಕಿಂತ ಸರಳವಾದ ಸಾಧನ ಯಾವ ತರಬೇತಿ ಕೇಂದ್ರದಲ್ಲೂ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಈಗ ಎರಡು ನಿಮಿಷದ ಶಾಸ್ತ್ರವಾಗಿ ಉಳಿದಿದೆ ಎಂಬುದು ಬೇರೆ ಮಾತು.

ವಿಜಯಪುರದ ಸೂಫಿಗಳದೂ ಇಂಥದೇ ಒಂದು ಶಾಲೆ. ಆದಿಲ್‌ಶಾಹಿ ಕಾಲದ ಇಲ್ಲಿನ ಸೂಫಿಗಳ ಬಗ್ಗೆ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಚಕ್ಕಿನಾಮಾ’ಗಳ ಪ್ರಸ್ತಾಪ ಬರುತ್ತದೆ. ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡಲೆಂದು ದಖನಿ ಭಾಷೆಯಲ್ಲಿ ಕಟ್ಟಿದ ಪದಗಳು ಅವು. ಕಲ್ಲಿನ ಗೂಟ ಸುತ್ತುವ ಲಯಕ್ಕೆ ಸೂಫಿಗಳು ದೇವರ ನಾಮಸ್ಮರಣೆಯನ್ನು ಹೊಂದಿಸಿಕೊಟ್ಟರು. ಕನ್ನಡದ ಹೆಣ್ಣುಮಕ್ಕಳೂ ಬೀಸುವ ಪದಗಳನ್ನು ತಲೆಮಾರುಗಟ್ಟಲೆ ಹಾಡಿದವರೇ. ರೆಟ್ಟೆ ಸೋಲುವ ಕೆಲಸದಲ್ಲಿ, ಕೆಲಸ ಬಿಟ್ಟು ಕೂರಲು ಬಿಡುವೇ ಇಲ್ಲದವರು, ಕೆಲಸದೊಳಗೇ ಮನಸ್ಸಿಗೊಂದು ನೆಲೆ ಕಟ್ಟಿಕೊಂಡಿದ್ದರು. ಧ್ಯಾನಕ್ಕೆ ಎ.ಸಿ. ಹಾಲ್, ಚಾಪೆ, ಆ್ಯಪ್ ಬೇಕು ಎನ್ನುವವರು ಈ ಬೀಸುಕಲ್ಲನ್ನು ನೆನೆಯಬೇಕು.

ಮೂರನೆಯ ಶಾಲೆಯನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯಾದವರ ಬೆಳಗಿನ ಪ್ರವಚನಗಳು ಅವು. ಚಳಿಯಲ್ಲಿ ಕಂಬಳಿ ಹೊದ್ದು ಬಂದು ಸಾವಿರಾರು ಜನ ನೆಲದ ಮೇಲೆ ಕೂರುತ್ತಿದ್ದರು. ಸ್ವಾಮೀಜಿಯ ದನಿ ಏರುತ್ತಿರಲಿಲ್ಲ, ಆವೇಶ ಇರುತ್ತಿರಲಿಲ್ಲ. ಅಲ್ಲಮನ ವಚನವಾಗಲಿ ಯೋಗಸೂತ್ರವಾಗಲಿ, ಒಂದು ಹೂವು, ಒಂದು ಹಕ್ಕಿ, ಒಂದು ಹೊಲದ ಬದು ಹಿಡಿದು ನಿಧಾನಕ್ಕೆ ಬಿಡಿಸುತ್ತಿದ್ದರು. ದನಿ ಸಣ್ಣದಾದ್ದರಿಂದ ಕೇಳುವವರು ಸುಮ್ಮನಾಗಲೇಬೇಕಿತ್ತು. ಮಂಡಿ ನೋವಿನ ಮುದುಕರು, ಶುಗರಿನಿಂದ ಅಂಗಾಲು ಉರಿಯುವವರು, ಮನೆಯಲ್ಲಿ ಕಷ್ಟ ಇದ್ದವರು ಆ ಗುಂಪಿನಲ್ಲಿ ಇರುತ್ತಿದ್ದರು. ಆ ಒಂದು ತಾಸು ಅವರ ಲಕ್ಷ್ಯ ನೋವಿನ ಹತ್ತಿರ ಇದ್ದೂ ನೋವಿಗೆ ಒತ್ತೆಯಾಗುತ್ತಿರಲಿಲ್ಲ. ಧ್ಯಾನ ಎಂಬ ಹೆಸರಿಲ್ಲದೆ ಜಿಲ್ಲೆಗೆ ಜಿಲ್ಲೆಯೇ ಕಲಿತ ಧ್ಯಾನ ಅದು.

2023ರ ಜನವರಿ 2ರಂದು ಸ್ವಾಮೀಜಿ ದೇಹ ಬಿಟ್ಟರು. ಕೊನೆಯ ದಿನಗಳಲ್ಲಿ ಉಸಿರಾಟದ ತೊಂದರೆ ಇತ್ತು. ಆಸ್ಪತ್ರೆಗೆ ಸೇರಲು ಒಪ್ಪದೆ ಆಶ್ರಮದಲ್ಲೇ ಉಳಿದರು, ವೈದ್ಯರು ಅಲ್ಲಿಗೇ ಬಂದು ನೋಡಿದರು. ತಮ್ಮ ದೇಹವನ್ನು ಅಗ್ನಿಗೆ ಒಪ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರ ಗುರುಪೂರ್ಣಿಮೆಯ ದಿನವೇ ಬರೆದಿಟ್ಟಿದ್ದರು. ಆ ದಿನಗಳನ್ನು ನಮ್ಮ ಊರುಗಳಲ್ಲಿ ಕೆಲವರು ಬೇರೆಯೇ ರೀತಿ ಓದಿಕೊಂಡರು. ‘ಅಪ್ಪಾರೇ ದವಾಖಾನಿಗೆ ಹೋಗಲಿಲ್ಲ, ನಮಗ್ಯಾಕ ಬೇಕು?’ ಎಂದು ಬಿ.ಪಿ. ಗುಳಿಗೆ ಬಿಟ್ಟವರ ಮಾತನ್ನು ನಾನೇ ಕೇಳಿದ್ದೇನೆ. ಇದು ಅಪಾಯದ ಓದು. ಎಂಬತ್ತು ದಾಟಿದ ಸನ್ಯಾಸಿ, ವರ್ಷಗಳ ಮೊದಲೇ ಸಾವನ್ನು ಶಾಂತವಾಗಿ ಯೋಚಿಸಿ, ಹಿಂದೆ ಅವಲಂಬಿತರಿಲ್ಲದೆ, ಪೂರ್ಣ ಎಚ್ಚರದಲ್ಲಿ ತೆಗೆದುಕೊಂಡ ನಿರ್ಧಾರ ಅದು. ನಲವತ್ತರ ರೈತನ ಎದೆನೋವಿಗೆ, ಬಾಣಂತಿಯ ಜ್ವರಕ್ಕೆ ಅದನ್ನು ಮಾದರಿ ಮಾಡಿಕೊಳ್ಳುವುದು ಸ್ವಾಮೀಜಿಗೆ ಗೌರವ ತರುವುದಿಲ್ಲ. ಅವರಿಂದ ಕಲಿಯಬೇಕಾದದ್ದು ಆಸ್ಪತ್ರೆ ಬಿಡುವುದನ್ನಲ್ಲ, ಭಯವಿಲ್ಲದೆ ನೋಡುವುದನ್ನು.

ವಿಪಶ್ಯನ ಧ್ಯಾನವನ್ನು ಭಾರತಕ್ಕೆ ಮರಳಿ ತಂದ ಎಸ್.ಎನ್. ಗೋಯೆಂಕಾ ಅವರ ಕಥೆಯೂ ಗುಣವಾಗಲೆಂದಲ್ಲ, ನೋಡಲೆಂದು ಕೂರಬೇಕು ಎನ್ನುತ್ತದೆ. ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಈ ವ್ಯಾಪಾರಿಗೆ ವಿಪರೀತ ಮೈಗ್ರೇನ್. ಮಾರ್ಫಿನ್ ಸೂಜಿಯಿಲ್ಲದೆ ತಗ್ಗುತ್ತಿರಲಿಲ್ಲ. ದೇಶವಿದೇಶದ ವೈದ್ಯರನ್ನು ಕಂಡರೂ ಗುಣವಾಗಲಿಲ್ಲ. 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಬಳಿ ಹೋದಾಗ, ಬರೀ ತಲೆನೋವು ವಾಸಿ ಮಾಡಿಕೊಳ್ಳಲು ಬರುವುದಾದರೆ ಬರಬೇಡ ಎಂದು ಗುರು ಹೇಳಿದರಂತೆ. ಮನಸ್ಸನ್ನು ತಿಳಿಯಲು ಬಂದರೆ ಬಾ. ತಲೆನೋವು ಹೋದರೆ ಅದು ಬೋನಸ್ಸು. ನೋವು ಹೋಗಲಿ ಎಂದು ಕೂತರೆ ಪ್ರತಿ ಉಸಿರಿಗೂ ‘ಹೋಯಿತೇ? ಹೋಯಿತೇ?’ ಎಂದು ಮನಸ್ಸು ಇಣುಕುತ್ತಲೇ ಇರುತ್ತದೆ. ಅದೂ ಒಂದು ಮರುದನಿಯೇ. ಧ್ಯಾನದ ವಿಚಿತ್ರ ಇರುವುದು ಇಲ್ಲಿ: ಪರಿಹಾರ ಬೇಕೆಂಬ ಆತುರವನ್ನು ಬಾಗಿಲ ಹೊರಗೆ ಬಿಟ್ಟವರಿಗೇ ಅಷ್ಟಿಷ್ಟು ಪರಿಹಾರ ಸಿಗುತ್ತದೆ.

ನನಗೆ ಸಿಕ್ಕದ್ದೇನು ಎಂದು ಕೇಳಿದರೆ, ನೋವು ಹೋಗಲಿಲ್ಲ, ಮಾತು ಸಿಕ್ಕಿತು. ಫಿಸಿಯೋಥೆರಪಿ ಮಾಡಿಸುವವರು ಕೇಳಿದಾಗ, ಕೂತಾಗ ಹೆಚ್ಚು, ನಡೆದಾಗ ಕಡಿಮೆ, ಕೆಮ್ಮಿದರೆ ಹಿಮ್ಮಡಿಗೆ ಸೆಳಕು, ಮುಂದಕ್ಕೆ ಬಾಗಿದರೆ ಉರಿ ಎಂದು ನಾನು ಬಿಡಿಸಿ ಹೇಳಬಲ್ಲವನಾದೆ. ಅವರು ವ್ಯಾಯಾಮದ ಕ್ರಮವನ್ನೇ ಬದಲಿಸಿದರು. ವ್ಯಾಯಾಮದಿಂದಲೇ ಕಾಲು ಸುಧಾರಿಸಿತು. ಆದರೆ ಸರಿಯಾದ ವ್ಯಾಯಾಮಕ್ಕೆ ದಾರಿ ತೋರಿದ್ದು ರಾತ್ರಿಗಳಲ್ಲಿ ನೋಡಿದ್ದು. ತಡಕೊಂಡವರ ಬಳಿ ವೈದ್ಯರಿಗೆ ಕೊಡಲು ಸುದ್ದಿ ಇರುವುದಿಲ್ಲ. ನೋಡಿದವರ ಬಳಿ ಇರುತ್ತದೆ. ಧ್ಯಾನ ಮತ್ತು ವೈದ್ಯಕೀಯ ಒಂದಕ್ಕೊಂದು ಎದುರು ನಿಲ್ಲುತ್ತವೆ ಎನ್ನುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ಕೂರಬೇಕೆನ್ನುವವರಿಗೆ ಒಂದೆರಡು ಮಾತು. ಹತ್ತು ನಿಮಿಷ ಸಾಕು. ಪದ್ಮಾಸನ ಬೇಡ, ಕುರ್ಚಿ ಆದೀತು, ಹಾಸಿಗೆಯೂ ಆದೀತು. ಮೊದಲು ಉಸಿರು. ಅದು ನೆಲೆಯಾದ ಮೇಲೆ ನೋವಿನ ನಡುಮಧ್ಯಕ್ಕೆ ನುಗ್ಗದೆ ಅದರ ಅಂಚಿಗೆ ಹೋಗಿ: ಎಲ್ಲಿ ಶುರು, ಎಲ್ಲಿ ಮುಗಿತಾಯ, ಈಗ ಏರುತ್ತಿದೆಯೋ ಇಳಿಯುತ್ತಿದೆಯೋ? ತಾಳದಂತಾದರೆ ಮತ್ತೆ ಉಸಿರಿಗೆ ಮರಳಿ. ಎದ್ದ ಮೇಲೆ ಕಂಡದ್ದನ್ನು ಒಂದು ಸಾಲು ಬರೆದಿಟ್ಟು, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಒಯ್ಯಿರಿ. ನೋವು ಕೆರಳಿದ ದಿನ ಯಾವ ಧ್ಯಾನವೂ ಕೂಡಿಬರುವುದಿಲ್ಲ. ಅಂಥ ದಿನ ಮಲಗುವುದೇ ಸರಿ. ಕಣ್ಣು ಮುಚ್ಚಿ ಕೂತರೆ ಹಳೆಯ ಆಘಾತಗಳು, ಹೆದರಿಕೆಗಳು ಮೇಲೆ ಬರುವವರೂ ಇರುತ್ತಾರೆ. ಅವರು ಹಟ ಮಾಡಿ ಕೂರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಎದೆಯಲ್ಲಿ ಒತ್ತಡ, ಕಾಲಿನ ಶಕ್ತಿ ದಿಢೀರನೆ ಕುಂದುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಜೋಮು, ಜ್ವರದೊಂದಿಗೆ ಬೆನ್ನುನೋವು: ಇವು ನೋಡುತ್ತ ಕೂರುವ ನೋವುಗಳಲ್ಲ, ಆ ಗಳಿಗೆಯೇ ಆಸ್ಪತ್ರೆಗೆ ಓಡುವ ನೋವುಗಳು. ಹಾಗೆಯೇ, ಕೇಳದೆ ನುಂಗುವ ನೋವಿನ ಗುಳಿಗೆ ವರ್ಷಗಟ್ಟಲೆ ನಡೆದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕುತ್ತು. ನೀರಿನ ಬರ, ಬಿಸಿಲಿನ ದುಡಿಮೆ ಇರುವ ನಮ್ಮ ಸೀಮೆಯಲ್ಲಿ ಆ ಕುತ್ತು ಇನ್ನೂ ಹೆಚ್ಚು.

ಕೊನೆಗೆ ಮನೆಯವರಿಗೊಂದು ಮಾತು. ಧ್ಯಾನವನ್ನು ಇನ್ನೊಬ್ಬರ ನೋವಿಗೆ ಉತ್ತರವಾಗಿ ಕೊಡಬೇಡಿ. ಹೊಲದಿಂದ ಬಂದ ಹೆಂಡತಿ ನಡ ಹಿಡಿದಿದೆ ಎಂದರೆ ‘ಜರಾ ಧ್ಯಾನ ಮಾಡು’ ಎನ್ನುವುದು ಹಳೆಯ ‘ತಡ್ಕೋ’ಗಿಂತ ಕ್ರೂರ, ಅದರಲ್ಲಿ ಉಪದೇಶದ ಅಹಂಕಾರವೂ ಸೇರಿರುತ್ತದೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ, ಬಬಲೇಶ್ವರದಿಂದ ಬಸ್ಸುಗಳಿವೆ. ಮೊದಲು ಅವಳನ್ನು ಕರೆದುಕೊಂಡು ಹೋಗಿ ತೋರಿಸಿ, ಭಾರ ಎತ್ತುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳಿ. ಅದಾದ ಮೇಲೆ ಅವಳಿಗೆ ದಿನಕ್ಕೆ ಹತ್ತು ನಿಮಿಷ ಯಾರೂ ಕರೆಯದ ಬಿಡುವು ಮಾಡಿಕೊಡಿ. ಆ ಹತ್ತು ನಿಮಿಷದಲ್ಲಿ ಉಸಿರು ನೋಡಬೇಕೋ, ಲಿಂಗ ನೋಡಬೇಕೋ, ಸುಮ್ಮನೆ ಕೂರಬೇಕೋ ಎಂಬುದನ್ನು ಅವಳೇ ನಿರ್ಧರಿಸಲಿ.